ಅಪ್ಪನ ಎಡಗಡೆ ನಿಲ್ಲುವವರು

ಟ್ಯಾನರ್ಸ್ ರನ್, ಒಹಾಯೊ
ಭಾನುವಾರ, ೩ ನವೆಂಬರ್ ೨೦೨೪

ಪ್ರೀತಿಯ ಡ್ವೈಟ್,

"ಚೆಂಡು ನಿನ್ನದಲ್ಲ, ನಿನ್ನ ಕೈಗೆ ಬಂದಿದೆ ಅಷ್ಟೆ." ಆಟಕ್ಕೆ ಮುಂಚೆ ಅಪ್ಪ ಹುಡುಗರಿಗೆ ಹೇಳುತ್ತಿದ್ದ ಈ ಮಾತಿಗೆ ಇನ್ನೊಂದು ಅರ್ಧ ಇತ್ತಲ್ಲವೆ? ಬೆಳಗಿನಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. "ಬಿಡುವ ಹೊತ್ತಿಗೆ ಬಿಡು" ಎಂದಿತ್ತೊ, "ಬೀಳಿಸಬೇಡ" ಎಂದಿತ್ತೊ. ಎರಡೂ ಒಂದೇ ಅಲ್ಲ. ಮೊದಲನೆಯದು ಕೈ ತೆರೆಯಲು ಹೇಳುತ್ತದೆ, ಎರಡನೆಯದು ಬಿಗಿ ಮಾಡಲು. ಅಲ್ಲದೆ ಆ ಮೊದಲ ಅರ್ಧವಾದರೂ ನಿಜವೆ ಎಂದು ಈಗ ಅನುಮಾನ ಬರುತ್ತಿದೆ. ನಲವತ್ತೊಂದು ಸೀಸನ್ ಒಂದೇ ಮೈದಾನದ ಅಂಚಿನಲ್ಲಿ ನಿಂತವನು, ಇದು ಯಾರದ್ದೂ ಅಲ್ಲ ಎಂದು ಹೇಗೆ ಹೇಳುತ್ತಾನೆ? ನಿನಗೆ ಪೂರ್ತಿ ನೆನಪಿರಬಹುದು. ನೀನು ಹುಡುಗರು ಬಟ್ಟೆ ಬದಲಿಸುವ ಆ ಕೋಣೆಯ ಒಳಗೆ ಕೂತು ಕೇಳಿದವನು, ನಾನು ಬಾಗಿಲ ಹೊರಗೆ ನಿಂತು ಕೇಳಿದವಳು.

ಇರಲಿ. ನಿನ್ನ ಮಂಡಿ ಹೇಗಿದೆ? ಲೂಪೆ ಆಗಸ್ಟಿನಲ್ಲಿ ಕಳಿಸಿದ ಫೋಟೋದಲ್ಲಿ ನೀನು ಬೇಲಿಗೆ ಒರಗಿ ನಿಂತಿದ್ದೆ. ಒರಗಿದ್ದು ಗತ್ತಿಗೋ ನೋವಿಗೋ ತಿಳಿಯಲಿಲ್ಲ. ಆ ಮರಳುಗಾಡಿನ ಬಿಸಿಲಲ್ಲಿ ಅಭ್ಯಾಸ ಮಾಡಿಸುವಾಗ ಟೋಪಿಯನ್ನಾದರೂ ಹಾಕಿಕೊಳ್ಳುತ್ತೀಯ ತಾನೆ? ಇನೆಸ್‌ಗೆ ಹಲ್ಲಿನ ತಂತಿ ಬಿಚ್ಚಿದರಂತೆ, ಅವಳ ನಗುವಿನ ಒಂದು ಫೋಟೋ ಕಳಿಸು. ಅತ್ತೆಯನ್ನು ಮರೆತಿದ್ದರೂ ಪರವಾಗಿಲ್ಲ, ಅತ್ತೆ ಮರೆತಿಲ್ಲ ಎಂದು ಹೇಳು. ಫೋನ್ ಮಾಡಬಹುದಿತ್ತು. ಆದರೆ ಸೀಸನ್ ಮುಗಿಯುವವರೆಗೆ ನೀನು ಫೋನನ್ನು ಮೇಜಿನ ಖಾನೆಯೊಳಗೆ ಹಾಕಿಡುತ್ತೀಯ ಎಂದು ಹೆಂಡತಿಯ ಹಕ್ಕಿನಿಂದ ಲೂಪೆ ಗೊಣಗಿದಳು. ಆ ಅಭ್ಯಾಸ ನಿನಗೆ ಯಾರಿಂದ ಬಂತೆಂದು ನಾನು ಅವಳಿಗೆ ಹೇಳಲಿಲ್ಲ. ಕಾಗದವಾದರೆ ಎರಡು ಆಟಗಳ ನಡುವೆ ಎಲ್ಲಾದರೂ ಒಡೆದು ಓದುತ್ತೀಯ ಎಂಬ ಆಸೆ. ನಾನು ಚೆನ್ನಾಗಿದ್ದೇನೆ. ಅಮ್ಮ ಹೋದ ಮೇಲೆ ಈ ಮನೆಗೇ ಬಂದು ಸೇರಿದ್ದು ಸರಿಯಾಯಿತು ಎಂದು ಈ ವರ್ಷ ಮೊದಲ ಸಲ ಅನ್ನಿಸುತ್ತಿದೆ.

ಅಪ್ಪ ಕೋಚ್ ಕೆಲಸದಿಂದ ನಿವೃತ್ತನಾಗುತ್ತಿರುವುದು ನಿನಗೆ ಪತ್ರಿಕೆಯಿಂದಲೋ ಯಾರಿಂದಲೋ ತಿಳಿದಿರಬೇಕು. ಆಗಸ್ಟಿನಲ್ಲಿ ಅವನೇ ಹೇಳಿದ. ಎರಡು ವಾಕ್ಯದಲ್ಲಿ ಹೇಳಿ, ಮೂರನೆಯ ವಾಕ್ಯದಲ್ಲಿ ಈ ವರ್ಷ ಎಡಬದಿಯ ರಕ್ಷಣೆ ಎಷ್ಟು ಬಡವಾಗಿದೆ ಎಂಬ ವಿಷಯಕ್ಕೆ ಹೋದ. ಅಂದಿನಿಂದ ಊರೆಲ್ಲ ಕತೆ ಹೇಳುತ್ತಿದೆ. ಅಂಗಡಿಗೆ ಹೋದರೆ ಒಂದು, ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಪಿರೋಗಿ ಕಟ್ಟಲು ಕೂತರೆ ಎರಡು. ಹಿಟ್ಟಿಗೆ ಆಲೂಗಡ್ಡೆ ತುಂಬುತ್ತ ಆ ಹೆಂಗಸರು ಅಪ್ಪನ ಬಗ್ಗೆ ಮಾತಾಡುವುದನ್ನು ಕೇಳಿದರೆ, ನಾನು ಯಾರ ಮನೆಯಲ್ಲಿ ಬೆಳೆದೆ ಎಂದು ನನಗೇ ಆಶ್ಚರ್ಯವಾಗುತ್ತದೆ. ನಮಗೆ ಅವನು ಶನಿವಾರ ಸಿಗದವನು, ಭಾನುವಾರ ನೆಲಮಾಳಿಗೆಯಲ್ಲಿ ಪ್ರೊಜೆಕ್ಟರ್ ಹಚ್ಚಿಕೊಂಡು ಒಂದೇ ಓಟವನ್ನು ಹಿಂದೆ ಮುಂದೆ ಓಡಿಸುವವನು. ಅವರಿಗೆ ಅವನು ಬೇರೆಯೇ.

ಅವರು ಹೇಳುವುದರಲ್ಲಿ ಎಷ್ಟೋ ನನಗೂ ನೆನಪಿದೆ. ಎಂಬತ್ತಮೂರರಲ್ಲಿ ನಾವು ಇಲ್ಲಿಗೆ ಬಂದಾಗ ನಿನಗೆ ನಾಲ್ಕು, ನನಗೆ ಏಳು. ವೀಟ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಸಾಲಾಗಿ ಇಪ್ಪತ್ತೇಳು ಆಟ ಸೋತಿತ್ತು. ಅಪ್ಪ ಅದುವರೆಗೆ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ, ಮಧ್ಯಾಹ್ನ ಮಕ್ಕಳಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದ ಮೇಷ್ಟ್ರು. ಮೊದಲ ವಾರ ಹುಡುಗರ ಕೈಗೆ ಚೆಂಡು ಕೊಡಲಿಲ್ಲ, ಬಣ್ಣದ ಡಬ್ಬಿ ಕೊಟ್ಟ. ಬೆಂಚು, ಗೋಲಿನ ಕಂಬ, ಶೌಚಾಲಯದ ಬಾಗಿಲು ಎಲ್ಲಕ್ಕೂ ಬಣ್ಣ ಬಳಿಯಿರಿ ಎಂದ. ಒಬ್ಬ ಹುಡುಗ, ನಾವು ಆಟ ಕಲಿಯೋಕೆ ಬಂದ್ವಾ ಪೇಂಟ್ ಹೊಡೆಯೋಕೆ ಬಂದ್ವಾ ಎಂದನಂತೆ. "ನಿಮಗೆ ಇಲ್ಲಿ ಬಂದು ಕೂತ್ಕೊಳೋಕೇ ನಾಚಿಕೆ. ಮೊದ್ಲು ಅದು ಹೋಗ್ಲಿ" ಎಂದನಂತೆ ಅಪ್ಪ. ಆ ವರ್ಷ ಗೆದ್ದದ್ದು ಒಂದೇ ಆಟ. ಆ ದಿನ ನಮ್ಮ ಪಕ್ಕದ ಮನೆಯ ಬರ್ನಿ ಟಟಲ್ ಮೈದಾನದೊಳಕ್ಕೆ ನುಗ್ಗಿದ್ದು ನಿನಗೆ ನೆನಪಿರಲಾರದು. ಹತ್ತು ಗಜ ಅಳೆಯುವ ಸರಪಳಿಯ ಒಂದು ಕೋಲು ಅವನ ಕೈಯಲ್ಲಿತ್ತು, ಅದನ್ನು ಬಿಡುವುದನ್ನು ಮರೆತು ಓಡಿದ. ಇನ್ನೊಂದು ಕೋಲು ಹಿಡಿದಿದ್ದ ಬಡಪಾಯಿ ಹಿಂದೆ ಎಳೆಸಿಕೊಂಡು ಬಂದ. ಬರ್ನಿ ಈಗ ಅಂಚೆ ಹಂಚುವ ಕೆಲಸದಿಂದ ನಿವೃತ್ತ, ಸರಪಳಿ ಹಿಡಿಯುವುದರಿಂದ ಇನ್ನೂ ಇಲ್ಲ.

ಹುಡುಗರನ್ನು ಕರೆತರಲು ಅಪ್ಪ ಊರೂರು ಅಲೆಯುತ್ತಿದ್ದಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ನಮ್ಮಂಥ ಪುಟ್ಟ ಕಾಲೇಜು ಆಟಕ್ಕಾಗಿ ಒಂದು ಡಾಲರೂ ಕೊಡುವುದಿಲ್ಲವಲ್ಲ, ಹಾಗಾಗಿ ಅವನ ಬಳಿ ಇದ್ದದ್ದು ಮಾತು ಮಾತ್ರ. ನದಿಯಾಚೆಯ ಗಿರಣಿ ಊರಿನಲ್ಲಿ ಒಂದು ಅಡುಗೆಮನೆ, ಅಲ್ಲೊಬ್ಬ ಅಜ್ಜಿ. ಅಪ್ಪ ಹುಡುಗನ ಕಡೆ ತಿರುಗಲೂ ಇಲ್ಲ, ಅಜ್ಜಿ ಬಡಿಸಿದ ಸಿಹಿಗೆಣಸಿನ ಕಡುಬನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಅಜ್ಜಿ ನೇರವಾಗಿ, "ನಮ್ಮ ಹುಡುಗ ಆಡ್ತಾನಾ, ಸುಮ್ನೆ ಕೂರ್ತಾನಾ?" ಎಂದಳು. "ಮೊದಲ್ನೇ ವರ್ಷ ಕೂರ್ತಾನೆ ತಾಯಿ. ಎರಡ್ನೇ ವರ್ಷ ಆಡಬಹುದು, ಆಣೆ ಇಡಲ್ಲ. ನಾಲ್ಕನೇ ವರ್ಷ ಮೇ ತಿಂಗಳಲ್ಲಿ ನೀವು ಚರ್ಚಿನ ಟೋಪಿ ಹಾಕ್ಕೊಂಡು ಅವನು ಪದವಿ ತಗೊಳೋದನ್ನ ನೋಡೋಕೆ ಬರ್ತೀರಿ. ಅದಕ್ಕೆ ಬೇಕಾದ್ರೆ ಆಣೆ ಇಡ್ತೀನಿ" ಎಂದ. ಅಜ್ಜಿ ಬಂದಳು. ನೇರಳೆ ಬಣ್ಣದ ಟೋಪಿ, ಅದರ ಮೇಲೊಂದು ಹಕ್ಕಿ.

ಆರು ಸಲ ನಮ್ಮ ಲೀಗಿನ ಪ್ರಶಸ್ತಿ ಬಂತು. ಮೂರು ವರ್ಷ ಸೋಲಿನ ಮೇಲೆ ಸೋಲಾಗಿ, ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಅವನನ್ನು ತೆಗೆದುಹಾಕಿ ಎಂದು ಅರ್ಜಿ ಬರೆದರು. ಪ್ರಶಸ್ತಿ ಬಂದ ದಿನವೂ ಅರ್ಜಿ ಬಂದ ದಿನವೂ ಅಪ್ಪ ಅದೇ ಬ್ರೆಡ್ಡು, ಅದೇ ಸಾಸೇಜು ತಿಂದು ಅದೇ ಹೊತ್ತಿಗೆ ಮಲಗಿದ. ತೊಂಬತ್ತನಾಲ್ಕರಲ್ಲಿ ಆ ದೊಡ್ಡ ವಿಶ್ವವಿದ್ಯಾಲಯದವರು ಕರೆದದ್ದು ನಿನಗೆ ಗೊತ್ತು, ನೀನು ಆಗಲೇ ಅಲ್ಲಿನ ಬಣ್ಣದ ಟೋಪಿ ಕೊಂಡು ತಂದಿದ್ದೆ. ಆದರೆ ಹಿಂದಿರುಗಿ ಬಂದವನು ಅಮ್ಮನಿಗೆ ಏನು ಹೇಳಿದ ಎಂಬುದು ನಿನಗೆ ಗೊತ್ತಿಲ್ಲ. ನಾನು ಮೆಟ್ಟಿಲ ಮೇಲಿದ್ದೆ. ಸಂಬಳ ಐದು ಪಟ್ಟು, ಮನೆ, ಎರಡು ಕಾರು. "ಮತ್ತೆ?" ಎಂದಳು ಅಮ್ಮ. "ಅಲ್ಲಿ ಹುಡುಗರ ಹೆಸರು ನೆನಪಿಟ್ಕೊಳೋಕೆ ಬೇರೆ ಒಬ್ಬನ್ನ ಇಟ್ಟಿದ್ದಾರೆ ಕಣೆ. ನಾನು ಏನು ಮಾಡ್ಲಿ ಅಲ್ಲಿ?" ಎಂದ. ಅಮ್ಮ, "ಎರಡನೇ ಕಾರಲ್ಲಿ ನಾನು ಹೋಗ್ತಿದ್ದೆ" ಎಂದಳು. ಆಮೇಲೆ ಇಬ್ಬರೂ ನಕ್ಕರು. ಅಮ್ಮ ಎಷ್ಟು ನಕ್ಕಳು, ಎಷ್ಟು ನುಂಗಿದಳು, ಲೆಕ್ಕ ಯಾರಿಗೂ ಸಿಗಲಿಲ್ಲ.

ಅವನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಎನ್ನಿಸುವುದು ಬೇರೆ. ತಂಡ ಬಿಟ್ಟು ಹೋದ ಪ್ರತಿ ಹುಡುಗನಿಗೂ ವಾರದೊಳಗೆ ಕೈಯಾರೆ ಕಾಗದ ಬರೆಯುತ್ತಿದ್ದ. ಬೈಗುಳವಿಲ್ಲ, ಮರಳಿ ಬಾ ಎಂಬ ಮಾತಿಲ್ಲ. ನೀನು ಇಲ್ಲಿದ್ದಾಗ ಇಂಥ ದಿನ ಇಂಥದ್ದೊಂದು ಚೆನ್ನಾಗಿ ಮಾಡಿದೆ, ನಾನು ನೋಡಿದೆ ಎಂದಷ್ಟೇ. ಆ ಕಾಗದಗಳನ್ನು ಇನ್ನೂ ಇಟ್ಟುಕೊಂಡವರು ಇದ್ದಾರೆ, ಈಚೆಗೆ ಒಬ್ಬ ಪ್ಲಂಬರ್ ನನಗೆ ತೋರಿಸಿದ. ಡ್ವೈಟ್, ಅಷ್ಟು ಜನಕ್ಕೆ ಬರೆದವನು ನಿನಗೊಬ್ಬನಿಗೆ ಬರೆಯಲಿಲ್ಲ. ನೀನು ಊರು ಬಿಟ್ಟ ಆ ಜನವರಿಯಲ್ಲಿ ಅಮ್ಮ ಇದನ್ನೇ ಕೇಳಿದಳು. "ಅವನೇನು ಬಿಟ್ಟು ಹೋಗಿದ್ದಾನಾ? ಕೆಲಸಕ್ಕೆ ಹೋಗಿದ್ದಾನೆ" ಎಂದ ಅಪ್ಪ. ಹದಿಮೂರು ವರ್ಷವಾಯಿತು, ಅವನ ಮಟ್ಟಿಗೆ ನೀನಿನ್ನೂ ಕೆಲಸಕ್ಕೇ ಹೋಗಿದ್ದೀಯ.

ಆ ಜಗಳವನ್ನು ನಾನು ಮತ್ತೆ ಅಗೆಯುವುದಿಲ್ಲ. ಒಂದೇ ಮಾತು. ನೀನು ಅವನ ಸಹಾಯಕನಾಗಿ ಮೇಲಿನ ಗಾಜಿನ ಕೋಣೆಯಿಂದ ನೋಡಿ ಹೇಳುವವನು, ಅವನು ಕೆಳಗೆ ಹೆಡ್‌ಫೋನಿನಲ್ಲಿ ಕೇಳುವವನು, ಹತ್ತು ವರ್ಷ ನೀವಿಬ್ಬರೂ ಹಾಗೆ ನಡೆಸಿದಿರಿ. ಆ ಶನಿವಾರ ಕೊನೆಯ ನಿಮಿಷ, ಕೊನೆಯ ಅವಕಾಶ, ಒಂದು ಗಜ ಬಾಕಿ. ಮಧ್ಯೆ ದಾರಿಯಿಲ್ಲ, ಚೆಂಡನ್ನು ಅಂಚಿನ ಕಡೆ ಎಸೆಯಿರಿ ಎಂದು ನೀನು ಹೇಳಿದೆ. ಅಪ್ಪ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಸಿಕೊಂಡು ಮಧ್ಯೆಯೇ ನುಗ್ಗಿಸಿದ. ಸೋತೆವು. ಸೋಲು ನಿನಗೆ ದೊಡ್ಡದಾಗಿರಲಿಲ್ಲ, ನನಗೆ ಗೊತ್ತು. ಆಮೇಲೆ ಹುಡುಗರೆದುರಿಗೆ, "ಮೇಲೆ ಗಾಜಿನೊಳಗೆ ಬೆಚ್ಚಗೆ ಕೂತವನಿಗೆ ಕೆಸರು ಏನು ಗೊತ್ತಾಗುತ್ತೆ" ಎಂದನಲ್ಲ, ಅದು. ಅಪ್ಪ ತಪ್ಪು ಮಾಡಿದ. ಆಗಲೂ ಹೀಗೇ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅಮ್ಮನ ಅಂತ್ಯಕ್ರಿಯೆಯ ದಿನ ನೀವಿಬ್ಬರೂ ಒಂದೇ ಪುಟ್ಟ ಬೆಂಚಿನ ಎರಡು ತುದಿಯಲ್ಲಿ ಕೂತು ನಡುವೆ ನನ್ನನ್ನು ಕೂರಿಸಿದಿರಿ. ನನ್ನ ಎರಡು ಭುಜಗಳೂ ಆವತ್ತು ಒಂದೇ ರೀತಿ ನಡುಗುತ್ತಿದ್ದ ಎರಡು ಭುಜಗಳಿಗೆ ತಾಗಿದ್ದವು.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಕಣ್ಣು ಹೋಗುತ್ತಿದೆ. ಜೂನ್‌ನಲ್ಲಿ ಡಾಕ್ಟರು ಹೇಳಿದರು. ಪೂರ್ತಿ ಕತ್ತಲಲ್ಲ. ನೇರವಾಗಿ ನೋಡಿದ್ದು ಮಸುಕು, ಪಕ್ಕದ್ದು ಕಾಣುತ್ತದೆ, ಬಣ್ಣಗಳು ಒಂದರೊಳಗೊಂದು ಸೇರಿಹೋಗುತ್ತವೆ. ನಿನಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡ, ಇಂದು ಅದನ್ನು ಮುರಿಯುತ್ತಿದ್ದೇನೆ. ಕಾರು ಓಡಿಸುವುದನ್ನು ಅವನೇ ನಿಲ್ಲಿಸಿದ, ಮಂಡಿನೋವು ಎಂದು ಊರಿಗೆ ಹೇಳಿದ. ಮನೆಯಲ್ಲಿ ಕಾಗದಪತ್ರ ನಾನು ಓದುತ್ತೇನೆ. ಆದರೆ ಮೈದಾನದಲ್ಲಿ ಹೇಗೋ ಸಂಭಾಳಿಸುತ್ತಿದ್ದಾನೆ ಎಂದೇ ನಾನು ನಂಬಿದ್ದೆ, ಯಾಕೆಂದರೆ ತಂಡ ಗೆಲ್ಲುತ್ತಿತ್ತು. ಈ ಸೀಸನ್ನಿನಲ್ಲಿ ಆಟವನ್ನು ಮುಖ ತಿರುಗಿಸಿಕೊಂಡು ನೋಡುತ್ತಿದ್ದ. ಎಲ್ಲರೂ ಕೋಚ್‌ಗೆ ಸಿಟ್ಟು ಬಂದಿದೆ ಎಂದುಕೊಂಡರು. ಅವನು ಕಣ್ಣಿನ ಅಂಚಿನಿಂದ ನೋಡುತ್ತಿದ್ದ.

ನಿನ್ನೆ ಇಲ್ಲೇ, ಆಶ್‌ಬಿ ಕಾಲೇಜಿನ ಜೊತೆ ಆಟ. ಮೋಡ ಕವಿದ ಮಧ್ಯಾಹ್ನ. ನಮ್ಮದು ಕಡುನೀಲಿ, ಅವರದು ಕಡುಹಸಿರು. ಮೂರನೆಯ ಭಾಗದಲ್ಲಿ ಅವರ ಹುಡುಗನೊಬ್ಬ ಚೆಂಡು ಹಿಡಿದು ಓಡಿ, ಪಕ್ಕದ ಗೆರೆ ದಾಟಿ ನಮ್ಮ ಬೆಂಚಿನ ಹತ್ತಿರವೇ ಬಿದ್ದ. ಅಪ್ಪ ಹೋಗಿ ಕೈಕೊಟ್ಟು ಎಬ್ಬಿಸಿದ. ಭುಜದ ಮೇಲಿನ ಹುಲ್ಲು ಒರೆಸಿದ. ಹೆಲ್ಮೆಟ್ಟಿನ ಕಿವಿಯ ಹತ್ತಿರ ಬಾಯಿಟ್ಟು, ಅವನು ಎಂದಿನಂತೆ ಗಟ್ಟಿಯಾಗಿ ಹೇಳುವ ಗುಟ್ಟಿನ ದನಿಯಲ್ಲಿ, "ಹೊರಗಡೆಗೇ ಓಡ್ತಿದ್ದೀಯಲ್ಲೋ ಮಾರಾಯ. ಎರಡು ಹೆಜ್ಜೆ ಹೊರಕ್ಕೆ ಇಡು, ಆಮೇಲೆ ಒಳಕ್ಕೆ ತಿರುಗು. ಅಲ್ಲಿ ಒಂದು ನರಪಿಳ್ಳೆ ಇಲ್ಲ" ಎಂದ. ನಾನು ನಾಲ್ಕನೇ ಸಾಲಿನಲ್ಲಿದ್ದೆ, ನನಗೂ ಕೇಳಿಸಿತು. ಆ ಹುಡುಗ ಸಂಸ್ಕಾರವಂತ, "ಸರಿ ಸರ್" ಎಂದು ಹೋದ. ಎರಡು ನಿಮಿಷದಲ್ಲಿ ಅವನ ಕೈಗೆ ಮತ್ತೆ ಚೆಂಡು ಬಂತು. ಎರಡು ಹೆಜ್ಜೆ ಹೊರಕ್ಕಿಟ್ಟು ಒಳಕ್ಕೆ ತಿರುಗಿದ. ನಲವತ್ತು ಗಜ ಓಡಿ ಕೊನೆಯ ಗೆರೆ ದಾಟಿದ, ಟಚ್‌ಡೌನ್. ಹಿಂದಿರುಗುವಾಗ ಅಪ್ಪನ ಕಡೆ ನೋಡಿ, ಕೃತಜ್ಞತೆಯಿಂದ ಕೈ ಎತ್ತಿದ.

ಮೊದಲು ನಗು ಶುರುಮಾಡಿದವನು ಬರ್ನಿ. ಸರಪಳಿಯ ಕೋಲನ್ನು ಊರಿಕೊಂಡು, "ಲೀ, ಸಂಬಳ ಯಾವ ಕಡೆಯಿಂದ ತಗೋತೀಯಪ್ಪ?" ಎಂದು ಕೂಗಿದ. ಆಸನಗಳಲ್ಲಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಆಮೇಲೆ ನಮ್ಮ ಬೆಂಚಿನ ಕಡೆ ನೋಡಿದೆ. ನಮ್ಮ ಹುಡುಗರಲ್ಲಿ ಒಬ್ಬನೂ ನಗುತ್ತಿರಲಿಲ್ಲ. ನಾಯಕ ಟೆರೆಲ್ ವಿಗ್ಗಿನ್ಸ್, ಬಾಗಿಲು ತುಂಬುವಷ್ಟು ದೊಡ್ಡ ಹುಡುಗ, ಅಪ್ಪನ ಹತ್ತಿರ ಹೋಗಿ ಮೆಲ್ಲಗೆ, "ಕೋಚ್, ಅವನು ನಮ್ಮವನಲ್ಲ" ಎಂದ. ಅಪ್ಪ ಒಂದು ಗಳಿಗೆಯೂ ತಡೆಯದೆ, "ಗೊತ್ತು. ಆದ್ರೆ ತಪ್ಪಾಗಿ ಓಡ್ತಿದ್ದ" ಎಂದ. ಈ ಮಾತು ಆಟ ಮುಗಿಯುವ ಮುಂಚೆಯೇ ಊರು ಸುತ್ತಿತು. ಆ ಏಳು ಅಂಕಕ್ಕೇ ಸೋತೆವು, ಆದರೂ ಯಾರಿಗೂ ಬೇಸರವಿಲ್ಲ. ಕೋಚ್ ಕುಬಿಕ್‌ಗೆ ಎದುರಾಳಿಯ ಹುಡುಗನೂ ತಪ್ಪಾಗಿ ಓಡಬಾರದು ಎಂದು ಜನ ಹೆಮ್ಮೆಯಿಂದ ಹೇಳುತ್ತಿದ್ದಾರೆ. ಇವತ್ತು ಚರ್ಚಿನಲ್ಲಿ ಪಾದ್ರಿಗಳೂ ಉಪದೇಶದೊಳಗೆ ಸೇರಿಸಿದರು.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ನಾನು ಸೂಪು ಬಿಸಿಮಾಡುತ್ತಿದ್ದಾಗ ಅಪ್ಪ ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತು, "ನೋರೀನ್, ಆ ಹುಡುಗನ ಅಂಗಿ ನೀಲಿ ಇತ್ತು ಅಲ್ವಾ?" ಎಂದ. ಏನು ಹೇಳಬೇಕಿತ್ತು ನಾನು? "ಹಸಿರು ಅಪ್ಪ" ಎಂದೆ. ತಲೆಯಾಡಿಸಿದ. ಸೂಪನ್ನು ಪೂರ್ತಿ ಕುಡಿದ. ಚಮಚ ಕೆಳಗಿಟ್ಟು, "ಹದಿನಾರಕ್ಕೆ ಗಿಲ್ ನೋಡ್ಕೋತಾನೆ. ನಾನು ಮನೇಲಿ ಇರ್ತೀನಿ" ಎಂದ. ಗಿಲ್ ಈಗ ಅವನ ಸಹಾಯಕ ಕೋಚ್. ಹದಿನಾರನೇ ತಾರೀಖು, ಶನಿವಾರ, ಇದೇ ಮೈದಾನದಲ್ಲಿ ಮೆರಿಟನ್ ಕಾಲೇಜಿನ ಜೊತೆ ಅವನ ಕೊನೆಯ ಆಟ. ಆ ಹುಡುಗರ ನಾಲ್ಕು ವರ್ಷದ ಬೆವರಿಗೆ ತನ್ನ ಕಣ್ಣು ಅಡ್ಡ ಬರಬಾರದು ಎನ್ನುತ್ತಾನೆ. ನ್ಯಾಯವಾದ ಮಾತು, ಅದಕ್ಕೇ ನನಗೆ ಎದುರಾಡಲು ಆಗಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಇವತ್ತು ಚರ್ಚಿನಿಂದ ಬರುವಾಗ ಟೆರೆಲ್‌ನನ್ನು ತಡೆದು ಕೇಳಿದೆ, ನಿಮಗೆ ಯಾವಾಗಿನಿಂದ ಗೊತ್ತು ಎಂದು. ಮೊದಲು ಏನು ಗೊತ್ತು ಮೇಡಂ ಎಂದ. ಅಪ್ಪನ ಕಣ್ಣು ಎಂದೆ. "ಸೆಪ್ಟೆಂಬರ್ ಎರಡನೇ ವಾರದಿಂದ" ಎಂದ. ಆಗಿನಿಂದ ಆಟದಿಂದ ಹೊರಬಂದ ಹುಡುಗ ಯಾರೇ ಆಗಲಿ, ಅಪ್ಪನ ಎಡಗಡೆ ಹೋಗಿ ನಿಂತು, ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ ಕಂಡದ್ದನ್ನೆಲ್ಲ ಹೇಳುತ್ತಾನಂತೆ. ಎರಡನೇ ಅವಕಾಶ, ಏಳು ಗಜ ಬಾಕಿ, ಅವರ ಇಬ್ಬರು ಹಿಂದೆ ಸರಿದಿದ್ದಾರೆ, ನಮ್ಮ ಮೂವತ್ತೆರಡನೇ ನಂಬರಿನವನು ಕುಂಟುತ್ತಿದ್ದಾನೆ. ಅಪ್ಪ ಅವರ ಕಡೆ ತಿರುಗದೆ ಕೇಳಿಸಿಕೊಂಡು, ಮುಂದಿನದ್ದು ಹೇಳುತ್ತಾನೆ. ಇದನ್ನು ಯಾರೂ ಕೂತು ಮಾತಾಡಿಕೊಂಡದ್ದಲ್ಲ. ಒಬ್ಬ ಮಾಡಿದ, ಇನ್ನೊಬ್ಬ ನೋಡಿ ಮಾಡಿದ. ತಾವು ಗುಟ್ಟು ಕಾಯುತ್ತಿದ್ದೇವೆ ಎಂದು ಅವರು, ತನ್ನ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದು ಇವನು. "ನಿನ್ನೆ ಆ ಹೊತ್ತಿಗೆ ಎಡಗಡೆ ಯಾರೂ ಇರ್ಲಿಲ್ಲ ಮೇಡಂ. ತಪ್ಪು ನಮ್ಮದು" ಎಂದು ಆ ದೊಡ್ಡ ಹುಡುಗ ಟೋಪಿ ತಿರುಗಿಸುತ್ತ ನೆಲ ನೋಡಿದ. ಅವನೂ ಗಳಗಳನೆ ಅತ್ತುಬಿಡುತ್ತಾನೆ ಎಂದು ಹೆದರಿ, ನಾನು ಅವನ ತೋಳು ಮುಟ್ಟಿ ಹೊರಟೆ. ಒಬ್ಬ ಮನುಷ್ಯ ಇಡೀ ಆಯುಷ್ಯದಲ್ಲಿ ಕಲಿಸಿದ್ದೇನು ಎಂದು ನನ್ನನ್ನು ಯಾರಾದರೂ ಕೇಳಿದರೆ, ಪ್ರಶಸ್ತಿಗಳ ಲೆಕ್ಕ ಬಿಟ್ಟು ಇದನ್ನು ಹೇಳುತ್ತೇನೆ.

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, "ಸೆಪ್ಟೆಂಬರಿಂದಾನಾ?" ಎಂದು ಒಂದೇ ಮಾತು. ನಾನು ಧೈರ್ಯ ಮಾಡಿ, ಹಾಗಾದರೆ ಹದಿನಾರಕ್ಕೆ ಗಿಲ್ ನಿನ್ನ ಎಡಗಡೆ ನಿಲ್ಲಲಿ, ಆಟ ಮುಗಿಯುವವರೆಗೆ ಅಲುಗಾಡದೆ ನಿಲ್ಲಲಿ ಎಂದೆ. "ಗಿಲ್ ಒಳ್ಳೆಯವನು. ಅವನಿಗೆ ಕಣ್ಣು ಚೆನ್ನಾಗಿದೆ. ಆದ್ರೆ ಅವನು ತಾನು ನೋಡಿದ್ದನ್ನ ಹೇಳ್ತಾನೆ. ನಾನು ಏನು ನೋಡ್ತಿದ್ದೆ ಅನ್ನೋದು ಅವನಿಗೆ ಗೊತ್ತಿಲ್ಲ" ಎಂದ. ಹಾಗಾದರೆ ಯಾರಿಗೆ ಗೊತ್ತು ಎಂದು ನಾನು ಕೇಳಲಿಲ್ಲ. ನೆಲಮಾಳಿಗೆಯ ಮೆಟ್ಟಿಲ ಮೇಲೆ ಮೊಣಕಾಲಿಗೆ ಗಲ್ಲ ಊರಿಕೊಂಡು, ಆರನೆಯ ವಯಸ್ಸಿನಿಂದ ಪ್ರತಿ ಭಾನುವಾರ ಅವನು ನೋಡಿದ್ದನ್ನೇ ನೋಡುತ್ತ ಬೆಳೆದವನು ಒಬ್ಬನೇ. ಅಪ್ಪ ಪ್ರೊಜೆಕ್ಟರ್ ನಿಲ್ಲಿಸಿ, ಈಗ ಯಾರನ್ನ ನೋಡ್ಬೇಕು ಎಂದು ಕೇಳಿದರೆ, ನಾನು ಚೆಂಡು ಇದ್ದವನನ್ನು ತೋರಿಸುತ್ತಿದ್ದೆ. ನೀನು ಯಾರೂ ನೋಡದ ಇನ್ನೊಂದು ಮೂಲೆ ತೋರಿಸುತ್ತಿದ್ದೆ. ಅಪ್ಪ ನಿನಗೆ ತನ್ನ ತಟ್ಟೆಯಿಂದ ಸಾಸೇಜಿನ ಚೂರು ಕೊಡುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು.

ಡ್ವೈಟ್, ನೀನು ಬಾ. ಬಂದು ಒಂದು ಮಧ್ಯಾಹ್ನ ಅಪ್ಪನ ಎಡಗಡೆ ನಿಲ್ಲು. ಅವನನ್ನು ಕ್ಷಮಿಸು ಎಂದು ಹೇಳುತ್ತ ನಾನು ಬರೆಯುತ್ತಿಲ್ಲ. ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು, ಅದಕ್ಕೆ ತಾರೀಖು ಬೇಡ. ಇದಕ್ಕೆ ತಾರೀಖಿದೆ. ಹದಿನಾರಕ್ಕೆ ನಿನ್ನ ತಂಡಕ್ಕೆ ಆಟವಿಲ್ಲ ಎಂದು ಪಟ್ಟಿಯಲ್ಲಿ ನೋಡಿದೆ, ಹೇಗೋ ಕೂಡಿಬಂದಿದೆ. ಬಿಡುವಿನ ಶನಿವಾರದಲ್ಲಿ ನೀವೆಲ್ಲ ಹುಡುಗರನ್ನು ನೋಡಲು ಊರೂರು ಹೋಗುತ್ತೀರಿ, ನಿನ್ನ ಮೇಲಿನವರು ಹುಬ್ಬು ಗಂಟಿಕ್ಕುತ್ತಾರೆ, ಅದೂ ನನಗೆ ಗೊತ್ತು. ಸೀಸನ್ ನಡುವೆ ಕೋಚ್ ಒಬ್ಬ ಮನೆಗೆ ಹೋಗುತ್ತೇನೆ ಎಂದರೆ ನಿಮ್ಮ ಜಗತ್ತಿನಲ್ಲಿ ಅದು ಏನೆಂದು, ಅಮ್ಮನನ್ನು ನೋಡಿ ಬೆಳೆದ ನನಗೆ ಯಾರೂ ವಿವರಿಸಬೇಕಾಗಿಲ್ಲ. ಅಪ್ಪ ತಾನಾಗಿ ಕರೆಯುವುದಿಲ್ಲ. ಕರೆಯುವ ಹಕ್ಕನ್ನು ತಾನೇ ಕಳೆದುಕೊಂಡೆ ಎಂದುಕೊಂಡಿದ್ದಾನೆ ಎಂದು ನನ್ನ ಊಹೆ. ನೀನು ಬಾರದಿದ್ದರೆ ಅವನು ಹೇಳಿದಂತೆಯೇ ಮನೆಯಲ್ಲಿ ಕೂರುತ್ತಾನೆ. ಮೈದಾನದ ಸದ್ದು ಈ ಅಡುಗೆಮನೆಗೆ ಚೆನ್ನಾಗಿ ಕೇಳಿಸುತ್ತದೆ. ಅವನು ಇಲ್ಲಿ ಕೂತು ಅದನ್ನು ಕೇಳುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಲೂಪೆಗೆ ನನ್ನ ಅಪ್ಪುಗೆ, ಇನೆಸ್‌ಳ ಹೊಸ ನಗುವಿಗೆ ಒಂದು ಮುತ್ತು. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊ, ಗಂಡಸುತನ ತೋರಿಸಬೇಡ. ನೀನು ಬಂದರೂ ಬಾರದಿದ್ದರೂ, ನೀನು ಚೆನ್ನಾಗಿರಬೇಕು ಎಂದು ದಿನವೂ ಒಂದು ಸಲ ನೆನೆಯುವ

ನಿನ್ನ ಅಕ್ಕ
ನೋರೀನ್

ಮತ್ತೊಂದು ಮಾತು: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವಷ್ಟರಲ್ಲಿ ಬರ್ನಿ ನಮ್ಮ ಬಾಣಲೆ ಹಿಂದಿರುಗಿಸಲು ಬಂದ, ಅದಕ್ಕೇ ಅವಸರದಲ್ಲಿ ಇದನ್ನು ಸೇರಿಸುತ್ತಿದ್ದೇನೆ. ಅಪ್ಪ ಆಗಲೇ ಗಿಲ್‌ನ ಕಾರಿನಲ್ಲಿ ಕಾಲೇಜಿಗೆ ಹೋಗಿದ್ದ. ಬರ್ನಿ ಬಾಗಿಲಲ್ಲೇ ನಿಂತು, ಹಳೆಯ ಅಭ್ಯಾಸದಂತೆ ನನ್ನ ಕೈಯಲ್ಲಿದ್ದ ಲಕೋಟೆಯ ವಿಳಾಸ ಓದಿದ. ಶನಿವಾರ ನಗಬಾರದಿತ್ತು ಎಂದ. ಒಳಗೆ ಬಾ ಎಂದರೆ ಬರಲಿಲ್ಲ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಮಾರ್ಚ್‌ನಲ್ಲಿ ನಿಮ್ಮಪ್ಪ ಒಂದು ಕಾಗದ ಹಿಡ್ಕೊಂಡು ನಮ್ಮನೆಗೆ ಬಂದ. ಡ್ವೈಟ್ ತಂಡದ ಆಟಗಳ ಪಟ್ಟಿ. ಕನ್ನಡಕ ಮರೆತು ಬಂದಿದ್ದೀನಿ, ಓದು ಅಂದ. ಕನ್ನಡಕ ಮೂಗಿನ ಮೇಲೇ ಇತ್ತು, ನಾನು ಏನೂ ಅನ್ಲಿಲ್ಲ. ಒಂದೊಂದೇ ಶನಿವಾರ ಓದಿ ಹೇಳ್ದೆ. ನವೆಂಬರ್ ಹದಿನಾರು ಖಾಲಿ ಅಂದೆ. ಇನ್ನೊಂದ್ಸಲ ಓದು ಅಂದ. ಓದ್ದೆ. ನಮ್ಮ ಕೊನೇ ಆಟ ಆಗ ಒಂಬತ್ತನೇ ತಾರೀಖಿಗಿತ್ತು ಕಣಮ್ಮ. ನಮ್ಮನೆ ಫೋನಿಂದಾನೇ ಮೆರಿಟನ್ ಕೋಚ್‌ಗೆ ಮಾಡಿ, ಒಂದು ವಾರ ಮುಂದಕ್ಕೆ ಹಾಕೋಣ, ನಿಮಗೇನು ತೊಂದರೆ ಇಲ್ವಲ್ಲ ಅಂತ ಕೇಳ್ದ. ಯಾಕೆ ಅಂತ ಕೇಳಿರ್ಬೇಕು ಆ ಕಡೆಯವ್ನು. ನಿಮ್ಮಪ್ಪ ಪಟ್ಟಿ ಮಡಚಿ ಜೇಬಿಗೆ ಇಟ್ಕೊಂಡ. ಆಮೇಲೆ, ಆವತ್ತು ನನ್ನ ಮಗನಿಗೆ ಬಿಡುವು, ಅಂದ."